ಬ್ಲೂ ಅನ್ನೋ ಊರು ಎಲ್ಲೈತ್ರಿ?

ವಿಜಯಪುರದ ಸ್ಟೇಶನ್ ರಸ್ತೆ ಕಡೆ ಒಂದು ಲಾಡ್ಜಿನ ಕೌಂಟರಿನಲ್ಲಿ ನಾನು ಕೂತು ಇಪ್ಪತ್ತೆರಡು ವರ್ಷವಾಯಿತು. ಕಲಿತದ್ದು ಕನ್ನಡ ಮಾಧ್ಯಮ, ಅದೂ ಪಿಯುಸಿಗೇ ನಿಂತಿತು. ನನಗೆ ಬರುವ ಇಂಗ್ಲಿಷೆಲ್ಲ ಕೌಂಟರಿನ ಆಚೆ ನಿಂತವರು ಬಿಟ್ಟುಹೋದದ್ದು. ಚಾರ್ಜರು, ಟಾವೆಲ್ಲು, ಚಷ್ಮಾ ಬಿಟ್ಟುಹೋದವರು ಫೋನ್ ಮಾಡಿ ಕೇಳುತ್ತಾರೆ. ಮಾತು ಬಿಟ್ಟುಹೋದವರು ವಾಪಸ್ ಕೇಳುವುದಿಲ್ಲ.

ಹಾಗೆ ನನ್ನ ಬಳಿ ಉಳಿದದ್ದರಲ್ಲಿ ‘ಔಟ್ ಆಫ್ ದ ಬ್ಲೂ’ ಒಂದು. ಅದನ್ನು ಕಲಿಯಲು ನಾನು ಮೊದಲು ನಗೆಪಾಟಲಾಗಬೇಕಾಯಿತು. ನೀವು ಆಗಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪರದೇಶದವರು ರೂಮು ಹಿಡಿದರೆ ಲಾಡ್ಜಿನವರು ಅವರ ವಿವರದ ಫಾರಂ ತುಂಬಿ ಇಪ್ಪತ್ನಾಲ್ಕು ತಾಸಿನೊಳಗೆ ಸರಕಾರಕ್ಕೆ ಕೊಡಬೇಕು. ಈಗ ಅದು ಕಂಪ್ಯೂಟರಿನಲ್ಲೇ ಆಗುತ್ತದೆ. ಆಗ ಕಾಗದದ ಫಾರಂ, ಕೈಯಾರೆ ತುಂಬಿ ಒಯ್ದು ಕೊಟ್ಟುಬರಬೇಕಿತ್ತು. ಎಲ್ಲಿಂದ ಬಂದಿರಿ, ಇಲ್ಲಿಂದ ಎಲ್ಲಿಗೆ ಎಂದು ಅದರಲ್ಲಿ ಎರಡು ಕಾಲಮ್ಮು. ಒಂದು ಫೆಬ್ರವರಿಯ ಮಧ್ಯಾಹ್ನ ಇಂಗ್ಲೆಂಡಿನ ಒಬ್ಬ ವಯಸ್ಸಾದವರು ಕೀಲಿ ಇಸಿದುಕೊಳ್ಳುತ್ತಿದ್ದಾಗ, ಹಂಪಿಯಲ್ಲೇ ಉಳಿಯುತ್ತೇನೆ ಎಂದು ಹೇಳಿದ್ದ ಅವರ ಗೆಳೆಯರು ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ತಬ್ಬಿಕೊಂಡು ಹುಡುಗರಂತೆ ಗದ್ದಲ ಮಾಡಿದರು. ನಾನು ಪೆನ್ನು ಹಿಡಿದು ಹೊಸಬರಿಗೆ ‘ಕಮಿಂಗ್ ಫ್ರಮ್?’ ಎಂದೆ. ಮೊದಲಿನವರೇ ನಗುತ್ತ ‘ಔಟ್ ಆಫ್ ದ ಬ್ಲೂ!’ ಎಂದರು. ಎಲ್ಲಿಂದ ಬಂದಿರಿ ಎಂಬಲ್ಲಿ ನಾನು ದಪ್ಪಕ್ಷರದಲ್ಲಿ ‘ಬ್ಲೂ’ ಎಂದು ಬರೆದೆ.

ಮರುದಿನ ಫಾರಂ ತೆಗೆದುಕೊಂಡವರು ಚಷ್ಮಾ ಏರಿಸಿ ಕೇಳಿದರು, ‘ಬ್ಲೂ ಅನ್ನೋ ಊರು ಎಲ್ಲೈತ್ರಿ?’

‘ಗೋವಾ ಕಡೆ ಇರಬೇಕ್ರಿ ಸಾಹೇಬ್ರ.’

ಅವರೂ ಗೋವಾ ನೋಡಿರಲಿಲ್ಲ ಕಾಣುತ್ತದೆ. ಸಿಕ್ಕಾ ಒತ್ತಿದರು.

ನಾಲ್ಕು ಗಂಟೆಗೆ ಆ ಹಿರಿಯರು ಚಾ ಕುಡಿಯಲು ಕೆಳಗೆ ಬಂದಾಗ, ಬ್ಲೂದಿಂದ ಇಲ್ಲಿಗೆ ಎಷ್ಟು ತಾಸಿನ ಹಾದಿ ಎಂದು ಕೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ. ಕೈ ಹಿಡಿದು ಮಾಳಿಗೆ ಮೇಲೆ ಕರೆದೊಯ್ದು ಆಕಾಶ ತೋರಿಸಿದರು. ಒಂದು ತುಣುಕು ಮೋಡ ಇರಲಿಲ್ಲ. ‘ದ್ಯಾಟ್ ಬ್ಲೂ’ ಎಂದರು.

ಆದ್ದರಿಂದ ನಿಮ್ಮ ಮೊದಲ ಕೆಲಸ ಮಾಳಿಗೆ ಹತ್ತುವುದು. ತಮಾಷೆಗೆ ಹೇಳುತ್ತಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗರು ನಮ್ಮ ಲಾಡ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಗೈಡ್ ಹಿಡಿದು ‘ಔಟ್ ಆಫ್ ದ ಬ್ಲೂ ಅಂದ್ರ ಅನಿರೀಕ್ಷಿತವಾಗಿ, ಔಟ್ ಆಫ್ ದ ಬ್ಲೂ ಅಂದ್ರ ಅನಿರೀಕ್ಷಿತವಾಗಿ’ ಎಂದು ಮಗ್ಗಿಯಂತೆ ಉರು ಹೊಡೆಯುತ್ತಾರೆ. ನಾಲ್ಕು ದಿನ ಬಿಟ್ಟು ಕೇಳಿದರೆ, ‘ಬ್ಲೂ ಅಂದ್ರ ದುಃಖ ಅಲ್ರಿ ಕಾಕಾ?’ ಅನ್ನುತ್ತಾರೆ. ಬ್ಲೂ ಎಂಬ ಶಬ್ದ ಕೇಳಿದೊಡನೆ ಮುಸಿಮುಸಿ ನಗುವವರೂ ಇದ್ದಾರೆ. ಅವರ ಬ್ಲೂ ಬೇರೆ, ಅದನ್ನು ಬಿಡಿ.

ಅರ್ಥ ಉರು ಹೊಡೆಯಬೇಡಿ, ಚಿತ್ರ ನೆನಪಿಡಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ನೆರೆಮನೆಯವರ ಮಾಳಿಗೆಯಲ್ಲಿ ಹಳೇ ಸೀರೆ ಹಾಸಿ ಶಾಂಡಿಗಿ ಒಣಹಾಕಿದ್ದಾರೆ. ಮೇಲೆ ನೋಡಿದರೆ ಕಣ್ಣು ಕುಕ್ಕುವ ಆಕಾಶ, ತೊಳೆದಿಟ್ಟ ಪರಾತದಂತೆ ಖಾಲಿ. ಶಾಂಡಿಗಿ ಹಾಕಿದಾಕೆ ಒಮ್ಮೆಯೂ ಮೇಲೆ ನೋಡಿಲ್ಲ, ನೋಡಲು ಕಾರಣವೇ ಇಲ್ಲ. ಆ ಖಾಲಿ ಆಕಾಶದೊಳಗಿಂದ ಫಟ್ಟನೆ ಒಂದು ಸಿಡಿಲು ಬಿದ್ದರೆ? ಆ ಸಿಡಿಲಿನಷ್ಟೇ ಮುಖ್ಯ, ಆಕೆ ಮೇಲೆ ನೋಡದೆ ಇದ್ದದ್ದು. ಇಡೀ ನುಡಿಗಟ್ಟು ಕೂತಿರುವುದೇ ಅದರ ಮೇಲೆ.

ಇದರ ಹಿರಿಯ ರೂಪ ‘ಎ ಬೋಲ್ಟ್ ಫ್ರಮ್ ದ ಬ್ಲೂ’. ನಮ್ಮ ಕಡೆ ಬೋಲ್ಟ್ ಎಂದರೆ ನಟ್ಟು ಬೋಲ್ಟು, ಇಲ್ಲವೇ ಬಾಗಿಲ ಚಿಲಕ. ಆಕಾಶದಿಂದ ಚಿಲಕ ಬಿದ್ದಂತೆ ಎಂದು ಅನುವಾದಿಸಿದ ಒಬ್ಬ ಪದವೀಧರ ನನ್ನ ಪರಿಚಯದಲ್ಲಿದ್ದಾನೆ. ಹಳೆಯ ಇಂಗ್ಲಿಷಿನಲ್ಲಿ ಬೋಲ್ಟ್ ಎಂದರೆ ಅಡ್ಡಬಿಲ್ಲಿನಿಂದ ಹೊಡೆಯುವ ಮೊಂಡುಬಾಣ. ಸಿಡಿಲೂ ಬಾಣದಂತೆ ಬಂದು ನಾಟುವುದರಿಂದ ಅದಕ್ಕೂ ಅದೇ ಹೆಸರು. ಥಾಮಸ್ ಕಾರ್ಲೈಲ್ ಎಂಬ ಲೇಖಕ 1837ರಲ್ಲಿ ಫ್ರಾನ್ಸಿನ ಕ್ರಾಂತಿಯ ಇತಿಹಾಸ ಪ್ರಕಟಿಸಿದಾಗ, ಆ ದಿನಗಳಲ್ಲಿ ಜನರನ್ನು ಏಕಾಏಕಿ ದಸ್ತಗಿರಿ ಮಾಡುತ್ತಿದ್ದುದನ್ನು ‘ಬೋಲ್ಟ್ ಔಟ್ ಆಫ್ ದ ಬ್ಲೂ’ಗೆ ಹೋಲಿಸಿದ. ಮುಂದೆ ಜನರ ಬಾಯಲ್ಲಿ ಸವೆದು ಸವೆದು, ಬೋಲ್ಟ್ ಉದುರಿಹೋಗಿ ‘ಔಟ್ ಆಫ್ ದ ಬ್ಲೂ’ ಅಷ್ಟೇ ಉಳಿಯಿತು. ಸಿಡಿಲು ಹೋಯಿತು, ಆಕಾಶ ಉಳಿಯಿತು.

ನೀಲಿ ಆಕಾಶದ ಸಿಡಿಲು ಇಂಗ್ಲಿಷರ ಸ್ವಂತ ಆಸ್ತಿ ಎಂದು ನಾನು ಬಹಳ ದಿನ ನಂಬಿದ್ದೆ. ಅಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ಹೊರೇಸ್ ಎಂಬ ರೋಮನ್ ಕವಿ, ಮೋಡವಿಲ್ಲದ ಆಕಾಶದಲ್ಲಿ ದೇವರು ಗುಡುಗಿನ ರಥ ಓಡಿಸಿದ್ದನ್ನು ಹಾಡಿದ್ದಾನೆ. ಸಂಸ್ಕೃತ ಬಲ್ಲವರು ಅನಭ್ರ ವಜ್ರಪಾತ ಎನ್ನುತ್ತಾರೆ. ಅಭ್ರವೆಂದರೆ ಮೋಡ, ಅದಿಲ್ಲದೆ ಬಿದ್ದ ಸಿಡಿಲು. ಅಷ್ಟು ದೂರ ಯಾಕೆ? ನಮ್ಮ ಅವ್ವ ದಿನಕ್ಕೆರಡು ಸಲ ಹೇಳುತ್ತಿದ್ದ ‘ಬರಸಿಡಿಲು’ ಮತ್ತೇನು? ಬರ ಎಂದರೆ ಮಳೆ ಇಲ್ಲದ್ದು. ಮಳೆ ಇಲ್ಲದೆ ಬಡಿದ ಸಿಡಿಲು ಬರಸಿಡಿಲು. ಇಂಗ್ಲೆಂಡಿನವರು ಮೇಲೆ ನೋಡಿ ಬಣ್ಣ ಹೇಳಿದರು. ನಮ್ಮವರು ಕೆಳಗೆ ನೋಡಿ, ನೆಲ ಒಣಗಿತ್ತು ಎಂದರು. ಬರದ ಜಿಲ್ಲೆಯವರು ಇನ್ನೇನು ಹೇಳಿಯಾರು!

ಇಂಥ ಸಿಡಿಲು ಬರೀ ಕವಿಗಳ ಕಲ್ಪನೆ ಎಂದುಕೊಳ್ಳಬೇಡಿ. ಇಂಡಿ ತಾಲ್ಲೂಕಿನಲ್ಲಿ ನನ್ನ ಸೋದರಮಾವನ ಲಿಂಬೆ ತೋಟವಿತ್ತು. ನಾನು ಎಂಟನೇ ಇಯತ್ತೆ ಇದ್ದಾಗ, ಭರಣಿ ಮಳೆಯ ಹೊತ್ತು. ಮೋಡ ಇದ್ದದ್ದು ದೂರ, ಭೀಮಾ ನದಿಯ ಆಚೆ ಸೊಲ್ಲಾಪುರದ ಕಡೆ, ಕರೀ ಕಂಬಳಿ ಒಣಹಾಕಿದಂತೆ. ನಮ್ಮ ತಲೆ ಮೇಲೆ ಬಿಸಿಲು. ಬೇವಿನ ಮರಕ್ಕೆ ಜೋಡೆತ್ತು ಕಟ್ಟಿತ್ತು. ಮಾವ ಬುತ್ತಿ ಬಿಚ್ಚಿ ರೊಟ್ಟಿ ಮುರಿದಿದ್ದನಷ್ಟೇ. ಬೆಳಕು ಮೊದಲೋ ಸದ್ದು ಮೊದಲೋ ಇವತ್ತಿಗೂ ಗೊತ್ತಿಲ್ಲ ಎನ್ನುತ್ತಾನೆ. ಎರಡೂ ಎತ್ತು ಹೋದವು. ಊರವರು ನಂಬಲಿಲ್ಲ. ‘ಮಾಡ ಇಲ್ಲದ ಸಿಡ್ಲು ಎಲ್ಲಿಂದ ಬರತೈತಿ, ಯಾರೋ ಏನೋ ಮಾಡ್ಯಾರ’ ಎಂದು ತಾಯತ ಕಟ್ಟಿಸಿದರು.

ಹವಾಮಾನದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಿಂಚು ಕೆಲವೊಮ್ಮೆ ಮೋಡದ ಬುಡದಿಂದ ನೆಟ್ಟಗೆ ಇಳಿಯದೆ, ಮೋಡದ ಮೇಲ್ಭಾಗದ ಬದಿಯಿಂದ ಹೊರಬಿದ್ದು, ತಿಳಿಯಾದ ಗಾಳಿಯಲ್ಲಿ ಅಡ್ಡಡ್ಡ ಹರಿದು, ಹದಿನೈದು ಕಿಲೋಮೀಟರಿಗೂ ಆಚೆ ನೆಲ ಮುಟ್ಟುವುದುಂಟು. ಅದಕ್ಕೆ ಅವರಿಟ್ಟ ಹೆಸರು ಇದೇ, ‘ಬೋಲ್ಟ್ ಫ್ರಮ್ ದ ಬ್ಲೂ’. ಮಾತು ಕಲಿಯುವ ನೆಪದಲ್ಲಿ ಇದನ್ನೂ ಕಲಿತುಬಿಡಿ: ಗುಡುಗು ಕಿವಿಗೆ ಬಿತ್ತೆಂದರೆ ನೀವು ಆ ಸಿಡಿಲಿನ ಅಳತೆಯೊಳಗೇ ಇದ್ದೀರಿ. ತಲೆ ಮೇಲೆ ಬಿಸಿಲಿದ್ದರೂ ಮರದ ಬುಡ ಬಿಟ್ಟು ಮನೆಯೊಳಗೆ ಬನ್ನಿ.

ಈಗ ಬಳಕೆಗೆ ಬರೋಣ. ಇಲ್ಲೇ ಬರಸಿಡಿಲು ನಮಗೆ ಮೋಸ ಮಾಡುವುದು. ಎರಡರದೂ ಹುಟ್ಟು ಒಂದೇ, ಸ್ವಭಾವ ಬೇರೆ. ಬರಸಿಡಿಲು ಯಾವತ್ತೂ ಕೆಟ್ಟದ್ದು. ಸಾವು, ನಷ್ಟ, ಕೆಲಸ ಹೋದದ್ದು, ಇಂಥದಕ್ಕೇ ಅದನ್ನು ಬಳಸುತ್ತೇವೆ. ಮಗಳಿಗೆ ನೌಕರಿ ಸಿಕ್ಕ ಸುದ್ದಿ ಬರಸಿಡಿಲಿನಂತೆ ಬಂತು ಎಂದರೆ ಕೇಳಿದವರು ಮೈಮುಟ್ಟಿ ಜ್ವರ ನೋಡುತ್ತಾರೆ. ಆದರೆ ಸಿಡಿಲು ಉದುರಿಸಿಕೊಂಡ ‘ಔಟ್ ಆಫ್ ದ ಬ್ಲೂ’ಗೆ ಆ ಕಹಿ ಇಲ್ಲ. ಹಳೇ ಗೆಳೆಯನ ಫೋನು, ಕೇಳದೇ ಸಿಕ್ಕ ಬಡ್ತಿ, ಗುರುತಿಲ್ಲದವರು ಕೊಟ್ಟ ಮಾವಿನಹಣ್ಣು, ಯಾರೋ ಕಳಿಸಿದ ನೋಟೀಸು, ಎಲ್ಲವೂ ಔಟ್ ಆಫ್ ದ ಬ್ಲೂ ಬರಬಹುದು. ‘ಬೋಲ್ಟ್ ಫ್ರಮ್ ದ ಬ್ಲೂ’ ಎಂದು ಪೂರ್ತಿ ಹೇಳಿದರೆ ಮಾತ್ರ ಸಿಡಿಲಿನ ಪೆಟ್ಟು ಉಳಿದಿರುತ್ತದೆ, ಬಹುಪಾಲು ಆಘಾತಕ್ಕೇ ಅದು. ಹಾಗಾಗಿ ಬರಸಿಡಿಲಿಗೆ ಬೋಲ್ಟ್ ಇರುವುದನ್ನು ಹಾಕಿ. ‘ಇದ್ದಕ್ಕಿದ್ದಂಗ’, ‘ಹೇಳದ ಕೇಳದ’, ‘ಧುತ್ತಂತ’ ಅನ್ನುವಲ್ಲೆಲ್ಲ ಬೋಲ್ಟ್ ಇಲ್ಲದ್ದು ಸಾಕು.

‘ಇದ್ದಕ್ಕಿದ್ದಂಗ’ ಎಂದೆನಲ್ಲ, ಅದರಲ್ಲೂ ಒಂದು ತೊಡಕಿದೆ. ‘ಸಡನ್ಲಿ’ಗೂ ನಾವು ಅದನ್ನೇ ಹೇಳುತ್ತೇವೆ. ಸಡನ್ಲಿ ವೇಗದ ಮಾತು, ಔಟ್ ಆಫ್ ದ ಬ್ಲೂ ಸುಳಿವಿನ ಮಾತು. ಇಂಡಿ ಬಸ್ಸಿನ ಡ್ರೈವರ್ ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಒತ್ತಿದರೆ ಅದು ಸಡನ್ಲಿ. ಅದೇ ಡ್ರೈವರ್ ನಡುದಾರಿಯಲ್ಲಿ ಬಸ್ ನಿಲ್ಲಿಸಿ, ಹಿಂದಿರುಗಿ, ‘ಇವತ್ತು ನನ್ನ ಮಗಳ ಹುಟ್ಟಿದಬ್ಬ, ಎಲ್ಲಾರೂ ಪೇಢೆ ತಗೋರಿ’ ಎಂದರೆ ಅದು ಔಟ್ ಆಫ್ ದ ಬ್ಲೂ. ಮೆಲ್ಲಗೇ ಹೇಳಿರಲಿ, ನಿಧಾನವಾಗೇ ಹಂಚಿರಲಿ, ಬಸ್ಸಿನಲ್ಲಿದ್ದವರಿಗೆ ಸುಳಿವಿರಲಿಲ್ಲ.

ನನಗೆ ನಾನೇ ಒಂದು ಪರೀಕ್ಷೆ ಮಾಡಿಕೊಂಡಿದ್ದೇನೆ: ಆಕಾಶದಲ್ಲಿ ಮೋಡ ಇತ್ತೇ? ಅಂದರೆ, ಅದು ಬರುತ್ತದೆಂದು ಹೇಳುವ ಏನಾದರೂ ಕಣ್ಣಿಗೆ, ಕಿವಿಗೆ, ಕ್ಯಾಲೆಂಡರಿಗೆ ಬಿದ್ದಿತ್ತೇ? ಬಿದ್ದಿದ್ದರೆ ಈ ಮಾತು ಸಲ್ಲದು. ಕರೆಂಟ್ ಹೋದರೆ ನಮ್ಮ ರೂಮ್ ಬಾಯ್ ಔಟ್ ಆಫ್ ದ ಬ್ಲೂ ಎನ್ನುತ್ತಿದ್ದ. ದಿನಾ ಅದೇ ಹೊತ್ತಿಗೆ ಹೋಗುವ ಕರೆಂಟಿಗೆ ಆ ಮಾತು ಹೇಗೆ ಒಪ್ಪೀತು? ಬೇಸಿಗೆಯಲ್ಲಿ ಕರೆಂಟ್ ಹೋಗದೆ ಇಡೀ ದಿನ ಇದ್ದರೆ ಬೇಕಾದರೆ ಅನ್ನಲಿ. ತಿಕೋಟಾ ಕಡೆ ಒಣದ್ರಾಕ್ಷಿ ಮಾಡುವವರು ಶೆಡ್ಡಿನಲ್ಲಿ ದ್ರಾಕ್ಷಿ ಹರವಿದಾಗ ಅಕಾಲದ ಮಳೆ ಬಿದ್ದರೆ ಅವರ ಪಾಲಿಗೆ ಅದು ನಿಜಕ್ಕೂ ಬೋಲ್ಟ್ ಫ್ರಮ್ ದ ಬ್ಲೂ. ಆದರೆ ಎರಡು ದಿನ ಮೊದಲೇ ಮೊಬೈಲಿಗೆ ಮಳೆಯ ಮುನ್ಸೂಚನೆ ಬಂದಿದ್ದರೆ? ನಷ್ಟವೇನೋ ಅಷ್ಟೇ ಇರುತ್ತದೆ, ಮಾತು ಮಾತ್ರ ತಪ್ಪಾಗುತ್ತದೆ. ಕೆಟ್ಟದ್ದಾಯಿತು ಎಂಬ ಕಾರಣಕ್ಕೇ ಈ ಮಾತು ಎತ್ತಬಾರದು.

ಸುಳಿವು ಇರಬಾರದ್ದು ಯಾರಿಗೆ? ಬಂದದ್ದನ್ನು ಎದುರಿಸಿದವರಿಗೆ. ನೀವು ಒಂದು ವಾರ ಯೋಚನೆ ಮಾಡಿ, ನಂಬರ್ ಹುಡುಕಿ, ಹಳೇ ಮಾಸ್ತರರಿಗೆ ಫೋನ್ ಹಚ್ಚಿದಿರಿ ಅನ್ನಿ. ನಿಮಗದು ಅನಿರೀಕ್ಷಿತವೇನಲ್ಲ. ಆದರೂ ‘ಐ ಕಾಲ್ಡ್ ಹಿಮ್ ಔಟ್ ಆಫ್ ದ ಬ್ಲೂ’ ಎಂದರೆ ಸರಿಯೇ, ಆಕಾಶ ನೋಡದೆ ಕೂತಿದ್ದವರು ಮಾಸ್ತರರು. ಆದರೆ ನಮ್ಮ ಬೀಗರೊಬ್ಬರು ಫೋನ್ ಮಾಡಿ ‘ನಾಳಿ ಮುಂಜಾನಿ ಹತ್ತಕ್ಕ ಹೇಳದ ಕೇಳದ ಬಂದ್ಬಿಡ್ತೀವ್ರಿ’ ಅಂದಹಾಗೆ, ನಾಳೆ ಔಟ್ ಆಫ್ ದ ಬ್ಲೂ ಬರುತ್ತೇನೆ ಎಂದು ಮಾತ್ರ ಹೇಳಬೇಡಿ. ಹೇಳಿದಿರಲ್ಲ, ಮೋಡ ಬಂದೇಬಿಟ್ಟಿತು.

ಮಾತನ್ನು ಜೋಡಿಸುವುದು ಕಷ್ಟವಿಲ್ಲ, ಒಂದು ‘ದ’ ಕೈಬಿಡದಿದ್ದರೆ ಆಯಿತು. ಕನ್ನಡದವರು ಇಂಗ್ಲಿಷಿನಲ್ಲಿ ಮೊದಲು ನುಂಗುವುದೇ ಈ ದ. ಬೇರೆಡೆ ನುಂಗಿದರೆ ನಡೆದೀತು, ಇಲ್ಲಿ ಅರ್ಥವೇ ಹಾಳು. ‘ಔಟ್ ಆಫ್ ಸ್ಟಾಕ್’, ‘ಔಟ್ ಆಫ್ ಪೆಟ್ರೋಲ್’ ಗೊತ್ತಲ್ಲ, ಮುಗಿದುಹೋಯಿತು ಅಂತ. ಇಳಕಲ್ ಸೀರೆಯ ಅಂಗಡಿಯಲ್ಲಿ ‘ವಿ ಆರ್ ಔಟ್ ಆಫ್ ಬ್ಲೂ’ ಎಂದರೆ ನೀಲಿ ಸೀರೆ ಖಾಲಿ, ಹಸಿರು ತೋರಿಸಲೇನ್ರಿ ಎಂದರ್ಥ. ದ ಹಾಕಿದರೆ ಮಾತ್ರ ಆ ಒಂದೇ ಒಂದು ನೀಲಿ, ಎಲ್ಲರ ತಲೆ ಮೇಲಿರುವುದು, ಅರ್ಥಕ್ಕೆ ಬರುತ್ತದೆ.

ಇನ್ನು ವಾಕ್ಯದಲ್ಲಿ ಇದರ ಜಾಗ. ‘ಹೇಗೆ ಬಂತು?’ ಎಂದು ಕೇಳಿ, ಉತ್ತರ ಕೂರುವ ಕಡೆ ಕೂರಿಸಿ. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಕೊನೆಗೆ: ‘ಶಿ ಕಾಲ್ಡ್ ಮಿ ಔಟ್ ಆಫ್ ದ ಬ್ಲೂ.’ ಕಥೆ ಹೇಳುವ ಹುರುಪಿದ್ದರೆ ಮೊದಲಿಗೆ ತಂದು ಒಂದು ಅಲ್ಪವಿರಾಮ ಹಾಕಿ: ‘ಔಟ್ ಆಫ್ ದ ಬ್ಲೂ, ಶಿ ಕಾಲ್ಡ್ ಮಿ.’ ಒತ್ತು ಬೇಕೆಂದು ಮುಂದೆ ‘ವೆರಿ’ ಹಚ್ಚಬೇಡಿ. ‘ವೆರಿ ಔಟ್ ಆಫ್ ದ ಬ್ಲೂ’ ಎಂದು ನಾನು ಎರಡು ವರ್ಷ ಹೇಳಿದ್ದೇನೆ, ಒಬ್ಬರೂ ತಿದ್ದಲಿಲ್ಲ. ಗಿರಾಕಿಗಳು ಲಾಡ್ಜಿನವನ ಇಂಗ್ಲಿಷ್ ತಿದ್ದುವುದಿಲ್ಲ. ಬೇಕಿದ್ದರೆ ‘ಕಂಪ್ಲೀಟ್ಲಿ’ ಹಾಕಿ. ‘ಇಟ್ ವಾಸ್ ಕಂಪ್ಲೀಟ್ಲಿ ಔಟ್ ಆಫ್ ದ ಬ್ಲೂ’ ಎಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ನಾಮಪದದ ಮುಂದೆ ವಿಶೇಷಣದಂತೆ ಬರೆಯುವಾಗ ನಾಲ್ಕೂ ಶಬ್ದಗಳ ನಡುವೆ ಅಡ್ಡಗೆರೆ ಹಾಕಿ ಪೋಣಿಸಬೇಕು. ಅದು ಬರೆಯುವವರ ಚಿಂತೆ.

ಉಚ್ಚಾರದಲ್ಲಿ ಒಂದೇ ಗುಟ್ಟು. ನಾವು ‘ಆಫ್’ ಎಂದು ಫಕಾರವನ್ನು ಊದುತ್ತೇವೆ. ಅವರ ಬಾಯಲ್ಲಿ ಅದು ‘ಅವ್’, ಅದೂ ಮುಂಚಿನದಕ್ಕೆ ಅಂಟಿಕೊಂಡು ‘ಔಟವ್ ದ ಬ್ಲೂ’. ಮೊದಲಿನ ಮೂರನ್ನು ಒಂದೇ ಉಸಿರಿನಲ್ಲಿ ಹಗುರಾಗಿ ದಾಟಿ, ಬ್ಲೂ ಮೇಲೆ ಭಾರ ಹಾಕಿ. ನಾನು ಇದನ್ನು ರೂಢಿ ಮಾಡಿದ್ದು ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ. ಶಾಲೆ ಹುಡುಗರು ಬಂದು ಕೂಗಾಡುವುದಕ್ಕೆ ಮುಂಚೆ ಹೋದರೆ, ಗೋಡೆಗೆ ಬಾಯಿಟ್ಟು ಮೆಲ್ಲಗೆ ಅಂದದ್ದು ಆಚೆ ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳುತ್ತದೆ. ಗೆಳೆಯನೊಬ್ಬನನ್ನು ಅತ್ತ ನಿಲ್ಲಿಸಿ ಅಂದೆ. ‘ಏನ್ ಕೇಳಿಸ್ತು?’ ಎಂದರೆ, ‘ಔಟ್ ಹೌಸ್ ಬಾಡಗಿಗೈತಿ ಅಂದಂಗಾತು’ ಎಂದ. ಮೂರನೇ ಸಲಕ್ಕೆ ಸರಿಹೋಯಿತು.

ಅಲ್ಲಿಗೆ ಹೋದವರು ದಕ್ಷಿಣದ ಬಾಗಿಲಲ್ಲಿ ತೂಗುಹಾಕಿರುವ ಒಂದು ಕಲ್ಲನ್ನೂ ನೋಡಿ ಬನ್ನಿ. ಬಿಜಲಿ ಪತ್ಥರ್ ಎನ್ನುತ್ತಾರೆ. ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆಕಾಶದಿಂದ ಬಿದ್ದ ಉಲ್ಕೆ ಅದು, ಗುಮ್ಮಟಕ್ಕೆ ಸಿಡಿಲು ತಟ್ಟದಂತೆ ಕಾಯುತ್ತದೆ ಎಂದು ಊರವರ ನಂಬಿಕೆ. ಗುಮ್ಮಟ ಮುಗಿದದ್ದು 1656ರಲ್ಲಿ, ಇನ್ನೂ ನಿಂತಿದೆ. ನೀಲಿಯಿಂದ ಬಿದ್ದದ್ದನ್ನೇ ನೀಲಿಯಿಂದ ಬೀಳುವುದಕ್ಕೆ ಕಾವಲು ಇಟ್ಟ ಊರು ನಮ್ಮದು. ಪರದೇಶದವರಿಗೆ ಈ ಕಲ್ಲಿನ ಕಥೆ ಹೇಳಿ ‘ದಿಸ್ ಸ್ಟೋನ್ ಕೇಮ್ ಔಟ್ ಆಫ್ ದ ಬ್ಲೂ’ ಎಂದರೆ ಹಲ್ಲು ಕಾಣುವಂತೆ ನಗುತ್ತಾರೆ. ಎರಡೂ ಅರ್ಥಕ್ಕೆ ಸರಿಹೊಂದುವ ಇಂಥ ಅವಕಾಶ ಬೇರೆ ಊರಿನವರಿಗೆ ಸಿಗಲಿಕ್ಕಿಲ್ಲ.

ಬ್ಲೂ ಕುಟುಂಬ ದೊಡ್ಡದು, ಒಬ್ಬರ ಬದಲಿಗೆ ಇನ್ನೊಬ್ಬರನ್ನು ಕರೆಯಬೇಡಿ. ‘ಫೀಲಿಂಗ್ ಬ್ಲೂ’ ಎಂದರೆ ಮನಸ್ಸಿಗೆ ಬೇಸರ. ‘ಬ್ಲ್ಯಾಕ್ ಆ್ಯಂಡ್ ಬ್ಲೂ’ ಎಂದರೆ ಬಾಸುಂಡೆ. ಹುಡುಗರು ಹೆಚ್ಚು ಎಡವುವುದು ‘ಒನ್ಸ್ ಇನ್ ಎ ಬ್ಲೂ ಮೂನ್’ ಹತ್ತಿರ. ಅದು ಅಪರೂಪದ ಮಾತು, ಅನಿರೀಕ್ಷಿತದ್ದಲ್ಲ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಿದ್ದರೆ ಎರಡನೆಯದಕ್ಕೆ ಬ್ಲೂ ಮೂನ್ ಎನ್ನುತ್ತಾರೆ, ಹೆಚ್ಚುಕಡಿಮೆ ಎರಡೂವರೆ ವರ್ಷಕ್ಕೊಮ್ಮೆ. 2023ರ ಆಗಸ್ಟಿನಲ್ಲಿ ಹಾಗಾಗಿತ್ತು, ಎರಡನೆಯದು ನೂಲಹುಣ್ಣಿಮೆ. ಆ ವರ್ಷ ನಮಗೆ ಅಧಿಕ ಶ್ರಾವಣವೂ ಇತ್ತಲ್ಲ, ನೆನಪಿಡಲು ಅದೇ ಸಾಕು: ಬ್ಲೂ ಮೂನ್ ಎಂದರೆ ಅಧಿಕ ಮಾಸದ ತಮ್ಮ. ಅಧಿಕ ಮಾಸ ಯಾವಾಗ ಬರುತ್ತದೆಂದು ಪಂಚಾಂಗ ಮೊದಲೇ ಹೇಳುತ್ತದೆ. ಅಪರೂಪಕ್ಕೆ ಬಂದರೂ ಹೇಳಿಯೇ ಬರುವಂಥದು. ವರ್ಷಕ್ಕೊಮ್ಮೆ ಬರುವ ಅಳಿಯ ಬ್ಲೂ ಮೂನ್. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುವ ಅಳಿಯ ಔಟ್ ಆಫ್ ದ ಬ್ಲೂ. ಒಬ್ಬನೇ ಅಳಿಯ ಎರಡೂ ಆದರೆ ಅದು ಮನೆಯವರ ಹಣೆಬರಹ.

ಎಲ್ಲಿ ಹೇಳಬಾರದು ಎಂಬುದೂ ಕಲಿಕೆಯೇ. ರಜೆ ಅರ್ಜಿ, ಪೊಲೀಸ್ ಫಿರ್ಯಾದಿ, ವಿಮೆಯ ಕಾಗದ, ಇಲ್ಲೆಲ್ಲ ಈ ಮಾತು ಬೇಡ. ಅಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ಲಿ’ ಎಂಬ ಇಸ್ತ್ರಿ ಮಾಡಿದ ಶಬ್ದವಿದೆ. ಸಾವಿನ ಮನೆಯಲ್ಲೂ ಬೇಡ. ತೀರಿಕೊಂಡವರ ಮಗನೆದುರು ‘ಔಟ್ ಆಫ್ ದ ಬ್ಲೂ’ ಎಂದರೆ ಹಗುರ ಕೇಳಿಸುತ್ತದೆ. ಉಳಿದಂತೆ ಗೆಳೆಯರ ಮಾತು, ವಾಟ್ಸಾಪ್, ಸಂದರ್ಶನದಲ್ಲಿ ಹೇಳುವ ಒಂದು ಚಿಕ್ಕ ಅನುಭವ, ಎಲ್ಲಕ್ಕೂ ಚೆನ್ನ. ಆದರೂ ಇದು ರೊಟ್ಟಿಯಲ್ಲ, ಶೇಂಗಾ ಹಿಂಡಿ. ಬಾಯಿ ಚಪ್ಪೆಯಾದಾಗ ಒಂದು ಚಿಟಿಕೆ. ಹೊಸದಾಗಿ ಕಲಿತ ಹುರುಪಿನಲ್ಲಿ ನಾನು ಒಂದೇ ದಿನ ಏಳು ಸಲ ಅಂದದ್ದಕ್ಕೆ, ಮಾಲಕರು ಕರೆದು ‘ಆರಾಮ ಇದ್ದೀರಲ್ಲ?’ ಎಂದು ಕೇಳಿದ್ದರು.

ರೂಢಿಯಾಗಲು ನಾನು ಮಾಡಿದ್ದು ಇಷ್ಟು. ಹಳೇ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಎರಡು ಕಾಲಮ್ಮು ಗೀರಿದೆ. ಒಂದು, ಇವತ್ತು ಏನು ಬಂತು. ಇನ್ನೊಂದು, ಸುಳಿವು ಇತ್ತೋ ಇಲ್ಲವೋ. ರಾತ್ರಿ ಲೆಕ್ಕ ಮುಗಿದ ಮೇಲೆ ಐದು ನಿಮಿಷ. ನೀರಿನ ಟ್ಯಾಂಕರು ಬಂತು: ಫೋನ್ ಮಾಡಿದ್ದೆ, ಸುಳಿವು ಇತ್ತು. ನೂರಾ ಮೂರರವರು ಎರಡು ದಿನ ಮೊದಲೇ ರೂಮು ಬಿಟ್ಟರು: ಹಿಂದಿನ ರಾತ್ರಿ ಗಂಡ ಹೆಂಡತಿ ಜಗಳ ಕೇಳಿಸಿತ್ತು, ಸುಳಿವು ಇತ್ತು. ಪಿಯುಸಿಯಲ್ಲಿ ನನ್ನ ಬಾಜೂ ಕೂರುತ್ತಿದ್ದವನು ಹತ್ತೊಂಬತ್ತು ವರ್ಷದ ಮೇಲೆ ಬೆಳಗಾವಿಯಿಂದ ಫೋನ್ ಮಾಡಿ, ‘ಲೇ, ನಿನ್ನ ಕಂಪಾಸ್ ಬಾಕ್ಸ್ ನನ್ ಕಡೆನ ಐತಿ’ ಎಂದ: ಸುಳಿವು ಇಲ್ಲ. ಇಲ್ಲ ಎಂದದ್ದನ್ನು ಮಾತ್ರ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯುತ್ತಿದ್ದೆ. ವಾರಕ್ಕೆ ಒಂದೋ ಎರಡೋ ಸಿಗುತ್ತಿದ್ದವು. ಕೆಲವು ವಾರ ಒಂದೂ ಇಲ್ಲ. ನಮ್ಮ ದಿನಗಳಲ್ಲಿ ನಿಜವಾಗಿ ಸುಳಿವಿಲ್ಲದೆ ಬರುವುದು ಎಷ್ಟು ಕಡಿಮೆ ಎಂದು ಆ ಕಾಲಮ್ಮು ನೋಡಿಯೇ ಗೊತ್ತಾದದ್ದು. ಪುಸ್ತಕದ ವಾಕ್ಯ ಬರೆದುಕೊಳ್ಳಬೇಡಿ, ನಿಮ್ಮದೇ ಬರೆಯಿರಿ. ಕಂಪಾಸ್ ಬಾಕ್ಸಿನ ವಾಕ್ಯ ನನಗೆ ಇವತ್ತಿಗೂ ಕಣ್ಣುಮುಚ್ಚಿ ಬರುತ್ತದೆ.

ಪರೀಕ್ಷೆಯವರಿಗೆ ಒಂದು ಮಾತು: ನಾಲ್ಕು ಉತ್ತರಗಳಲ್ಲಿ ಆಕಾಶ, ಬಣ್ಣ ಇಲ್ಲವೇ ದುಃಖ ಎಂದಿರುವುದನ್ನು ಮೊದಲು ಹೊಡೆದುಹಾಕಿ. ‘ಅಪರೂಪಕ್ಕೆ’ ಎಂದಿರುವುದು ಬ್ಲೂ ಮೂನಿನವರಿಗೆ ಇಟ್ಟ ಬಲೆ. ಉಳಿದದ್ದೇ ನಿಮ್ಮದು.

ರೂಮ್ ಬಾಯ್ ಹುಡುಗನಿಗೂ ಇಷ್ಟೆಲ್ಲ ಹೇಳಿಕೊಟ್ಟಿದ್ದೇನೆ. ಕಳೆದ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವ ರಾತ್ರಿ. ಹನ್ನೊಂದೂವರೆಗೆ ಬಾಗಿಲಲ್ಲಿ ಹನ್ನೊಂದು ಮಂದಿ, ಮೂರು ಕೂಸು, ಒಂದು ಬುಟ್ಟಿ ತುಂಬ ಸಜ್ಜಿ ರೊಟ್ಟಿ. ಬುಕಿಂಗ್ ಇಲ್ಲ, ಫೋನ್ ಇಲ್ಲ. ಹುಡುಗ ಕೌಂಟರಿನ ಹತ್ತಿರ ಬಗ್ಗಿ, ಔಟವ್ ಸರಿಯಾಗಿ ಅಂದು, ಬ್ಲೂ ಮೇಲೆ ಭಾರ ಹಾಕಿ ಪಿಸುಗುಟ್ಟಿದ, ‘ಔಟ್ ಆಫ್ ದ ಬ್ಲೂ ರೀ ಕಾಕಾ.’

‘ಹೋದ ವರ್ಷದ ಜಾತ್ರಿಗೂ ಇವರ ಬಂದಿದ್ರು. ಅದಕ್ಕ ಹಿಂದಿನ ವರ್ಷಾನೂ. ರಿಜಿಸ್ಟರ್ ನೋಡು.’

ತಲೆ ಕೆರೆದುಕೊಂಡ. ‘ಹಂಗಾರ ಇದಕ್ಕ ಏನಂತಾರ್ರಿ?’

‘ಇದಕ್ಕ ಹೌಸ್ ಫುಲ್ ಅಂತಾರ. ಹೋಗು, ಮಾಳಿಗಿ ಮ್ಯಾಲ ಜಮಖಾನಿ ಹಾಸು.’